ಗಿರಿಜಾದೇವಿಯವರ ಸೊಸೆ

ನ್ಯೂಜೆರ್ಸಿಯ ಪಿಸ್ಕಾಟವೇ ಊರಿನ ಕನ್ನಡದವರಲ್ಲಿ ಗಿರಿಜಾದೇವಿಯವರ ಬಾಯಿಗೆ ಹೆದರದವರಿಲ್ಲ. ವರ್ಷಾನುಗಟ್ಟಲೆ ಹಳದಿ ಸ್ಕೂಲ್ ಬಸ್ ಓಡಿಸಿದ ಹೆಂಗಸು. ಹಿಂದಿನ ಸೀಟಿನಲ್ಲಿ ಯಾರು ಯಾರ ಜುಟ್ಟು ಹಿಡಿದಿದ್ದಾರೆ ಅನ್ನೋದನ್ನ ಕನ್ನಡಿಯಲ್ಲೇ ನೋಡಿ, ತಲೆ ಕೂಡ ತಿರುಗಿಸದೆ 'ಸಿಟ್ ಡೌನ್!' ಅಂದರೆ ಬಸ್ಸಿಗೆ ಬಸ್ಸೇ ಕೂತುಬಿಡುತ್ತಿತ್ತು. ಗಂಡ ಜಯರಾಮು ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರು. ಆ ಕಂಪನಿ ಒಂದು ದಿನ ಮಹಡಿಗೆ ಮಹಡಿಯನ್ನೇ ಮನೆಗೆ ಕಳಿಸಿದಾಗ, 'ನೀವು ನಿಧಾನವಾಗಿ ಕೆಲಸ ಹುಡುಕಿ, ಅಲ್ಲೀವರೆಗೆ ನಾನು ಡ್ರೈವ್ ಮಾಡ್ತೀನಿ' ಅಂತ ಎದ್ದವರು, ರಿಟೈರ್ ಆಗೋವರೆಗೂ ಸ್ಟೀರಿಂಗ್ ಬಿಡಲಿಲ್ಲ. ನಂಜನಗೂಡಿನ ಹೆಣ್ಣುಮಗಳು ಮೈನಸ್ ಚಳಿಯಲ್ಲಿ ನಿಂತು ಬಸ್ಸಿನ ಗಾಜಿನ ಮೇಲಿನ ಐಸ್ ಕೆರೆಯೋದನ್ನ ನೋಡಿ ನಮ್ಮವರು ಕೆಲವರು 'ಪಾಪ' ಅಂದರು. 'ಪಾಪ ಯಾಕ್ರೀ? ನಿಮ್ಮ ಮಕ್ಕಳನ್ನೇ ಸ್ಕೂಲಿಗೆ ಬಿಡ್ತಿರೋದು' ಅಂದು ಅವರ ಬಾಯಿ ಮುಚ್ಚಿಸಿದರು.

ಇಂಥ ಗಟ್ಟಿ ಬಾಯಿಯ ಹೆಂಗಸಿನ ಒಂದು ಮಾತನ್ನ ಇಡೀ ಕನ್ನಡ ಬಳಗ ವರ್ಷಗಟ್ಟಲೆ ತಪ್ಪಾಗಿ ಕೇಳಿಸಿಕೊಂಡಿತ್ತು ಅಂದರೆ ನಂಬ್ತೀರಾ? ಅದೂ ನಮ್ಮ ನಿಮ್ಮ ಬಾಯಲ್ಲಿ ದಿನಾ ಓಡಾಡೋ ಒಂದು ಪದವನ್ನ.

ಗಿರಿಜಾದೇವಿಗೆ ಒಬ್ಬಳೇ ಮಗಳು, ಗಾರ್ಗಿ. ಅಮೆರಿಕದ ಸೇನೆಯಲ್ಲಿ ಮೆಡಿಕ್. ಅಂದರೆ ಗುಂಡೇಟು ಬಿದ್ದವರ ಹತ್ತಿರ ಎಲ್ಲರಿಗಿಂತ ಮೊದಲು ಓಡಿಹೋಗಿ ರಕ್ತ ನಿಲ್ಲಿಸುವವಳು. ಅವಳ ಹೆಂಡತಿ ಮಹಿಮಾ. ಹಾಸನದ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ನ್ಯೂಯಾರ್ಕಿನ ಬೆಲ್‌ರೋಸಿನಲ್ಲಿ, ಈಗ ಪಿಸ್ಕಾಟವೇ ಪಕ್ಕದ ಎಡಿಸನ್ನಿನಲ್ಲಿ ಫಿಸಿಯೊಥೆರಪಿಸ್ಟ್. ಜಯರಾಮು ತೀರಿಕೊಂಡ ಮೇಲೆ ಗಿರಿಜಾದೇವಿ ಯುಗಾದಿಗೆ, ದೀಪಾವಳಿಗೆ, ಬಳಗದ ಪಿಕ್ನಿಕ್ಕಿಗೆ ಹೋಗುತ್ತಿದ್ದದ್ದು ಈ ಮಹಿಮಾಳ ಕಾರಿನಲ್ಲೇ. ಸಿಕ್ಕಿದವರಿಗೆಲ್ಲ 'ಇವಳು ನನ್ನ ಸೊಸೆ' ಅಂತ ಪರಿಚಯ ಮಾಡಿಸುತ್ತಿದ್ದರು. ಮಹಿಮಾ 'ಅತ್ತೆ, ಚಳಿ ಇದೆ, ಶಾಲು ಹೊದ್ಕೊಳ್ಳಿ' ಅನ್ನುತ್ತಿದ್ದಳು. ಯಾರೂ ಮುಖ ಸಿಂಡರಿಸಲಿಲ್ಲ. 'ಓ, ಸೊಸೇನಾ? ಲಕ್ಷಣವಾಗಿದ್ದಾಳೆ' ಅಂದು ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದರು. ಗಿರಿಜಾದೇವಿ ಹಿಗ್ಗಿ ಹೀರೇಕಾಯಾದರು. ನಮ್ಮ ಜನ ಎಷ್ಟು ದೊಡ್ಡ ಮನಸ್ಸಿನವರು, ನಾನೇ ಸುಮ್ಮನೆ ಅನುಮಾನ ಪಟ್ಟಿದ್ದೆ ಅಂದುಕೊಂಡರು.

ಈ ಹೋದ ಅಕ್ಟೋಬರಿನಲ್ಲಿ ಬಳಗದ ಅಧ್ಯಕ್ಷ ಶಿವಪ್ರಸಾದ್ ಫೋನ್ ಮಾಡಿದರು. "ಗಿರಿಜಮ್ಮ, ಒಂದು ಸಂತೋಷದ ಸುದ್ದಿ. ನವೆಂಬರಿನಲ್ಲಿ ರಾಜ್ಯೋತ್ಸವಾನೂ ಬರುತ್ತೆ, ಇಲ್ಲಿನ ಸೈನಿಕರ ದಿನ ವೆಟರನ್ಸ್ ಡೇನೂ ಬರುತ್ತೆ. ಎರಡನ್ನೂ ಸೇರಿಸಿ ನಮ್ಮ ಗಾರ್ಗಿಗೆ ಸನ್ಮಾನ ಮಾಡೋಣ ಅಂತ. ನಮ್ಮ ಬಳಗದಿಂದ ಸೇನೆಗೆ ಹೋದ ಮೊದಲನೇ ಹುಡುಗಿ. ಯೂನಿಫಾರ್ಮ್ ಹಾಕ್ಕೊಂಡೇ ಬರಬೇಕು, ಆಯ್ತಾ?"

"ಬರ್ತಾಳೆ. ನನ್ನ ಸೊಸೇನೂ ಪಕ್ಕದಲ್ಲಿ ಕೂರಿಸಬೇಕು."

"ಅಯ್ಯೋ, ಧಾರಾಳವಾಗಿ! ನೆಂಟರು ಎಲ್ಲರೂ ಬರಲಿ."

ಗಾರ್ಗಿ ಮಾತ್ರ ಕುಣಿದಾಡಲಿಲ್ಲ. ಊಟದ ಮೇಜಿನ ಹತ್ತಿರ ನಿಂತು, ಅಮ್ಮನ ಮುಖ ನೋಡಿ, "ವೇದಿಕೆ ಮೇಲೆ ಮಹಿಮಾ ನನ್ನ ವೈಫ್ ಆಗಿ ಕೂತ್ಕೋಬೇಕು ಅಮ್ಮ. ದಟ್ಸ್ ಆಲ್. ಅವಳು ಮತ್ತೆ ಕಸಿನ್ ಆಗಲ್ಲ" ಅಂದಳು.

ಈ 'ಕಸಿನ್' ಅನ್ನೋ ಮಾತು ಆ ಮನೆಯಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಯಾಕೆ ಅಂತ ಹೇಳ್ತೀನಿ ಕೇಳಿ. ಗಾರ್ಗಿ ಕಾಲೇಜು ಮುಗಿಸಿ ಸೇನೆಗೆ ಸೇರಿದಾಗ ಅಲ್ಲೊಂದು ಕಾನೂನಿತ್ತು. ಹೆಂಗಸಾಗಿ ಹೆಂಗಸನ್ನ ಪ್ರೀತಿಸುತ್ತೀಯಾ? ಗಂಡಸಾಗಿ ಗಂಡಸನ್ನ? ನಾವು ಕೇಳಲ್ಲ, ನೀನು ಹೇಳಬೇಡ. ಹೇಳಿದೆಯೋ, ಹೊರಗೆ ನಡಿ. ಎಷ್ಟು ಸಭ್ಯವಾಗಿದೆ ನೋಡಿ ಮಾತು! ಪಕ್ಕದ ಡೇರೆಯ ಹುಡುಗ ಹೆಂಡತಿಯ ಫೋಟೋ ಗೋಡೆಗೆ ಅಂಟಿಸಬಹುದು, ಅವಳ ಜೊತೆ ಫೋನಿನಲ್ಲಿ ಜಗಳ ಆಡಬಹುದು, ಅಳಬಹುದು. ಗಾರ್ಗಿ ಮಾತ್ರ ಮಹಿಮಾಳ ಹೆಸರು ಬಾಯಲ್ಲಿ ಬಂದರೆ ನಾಲಿಗೆ ಕಚ್ಚಿಕೊಳ್ಳಬೇಕು. ದೇಶಕ್ಕಾಗಿ ಪ್ರಾಣ ಕೊಡೋಕೆ ಪರವಾನಗಿ ಉಂಟು, ಮನೆಯಲ್ಲಿ ಯಾರು ಕಾಯ್ತಿದ್ದಾರೆ ಅಂತ ಹೇಳೋಕಿಲ್ಲ. ಥೂ, ಇಂಥದ್ದನ್ನೂ ಕಾನೂನು ಅಂತ ಕರೆದರಲ್ಲ!

ಇರಾಕಿನಿಂದ ಅವಳ ತುಕಡಿ ವಾಪಸ್ಸು ಬಂದ ದಿನ ಒಂದು ದೊಡ್ಡ ಹಾಲಿನಲ್ಲಿ ಮನೆಯವರೆಲ್ಲ ಬಾವುಟ ಹಿಡಿದು ಸೇರಿದ್ದರು. ಗಂಡಂದಿರು, ಹೆಂಡತಿಯರು, ಮಕ್ಕಳು ಓಡಿಹೋಗಿ ಕುತ್ತಿಗೆಗೆ ಜೋತುಬಿದ್ದರು. ಮಹಿಮಾ ಗೋಡೆಗೆ ಒರಗಿ ನಿಂತಿದ್ದಳು. ಗಿರಿಜಾದೇವಿ ಮತ್ತು ಜಯರಾಮು ಆಗ ಅವಳನ್ನ ಮಗಳ ಗೆಳತಿ ಅಂತ ಮಾತ್ರ ತಿಳಿದಿದ್ದರು. ಪಕ್ಕದ ಸೈನಿಕನ ಹೆಂಡತಿ 'ನೀವು ಯಾರ ಕಡೆಯವರು' ಅಂತ ಕೇಳಿದ್ದಕ್ಕೆ ಮಹಿಮಾ 'ಗಾರ್ಗಿ ಕಸಿನ್' ಅಂದಳು. ಗಾರ್ಗಿ ಬಂದವಳು ಅಪ್ಪ ಅಮ್ಮನನ್ನ ತಬ್ಬಿಕೊಂಡು, ಮಹಿಮಾಳ ಕೈ ಕುಲುಕಿದಳು. ವರ್ಷವೆಲ್ಲ ಫೋನ್ ಹೊಡೆದುಕೊಂಡಾಗಲೆಲ್ಲ ಎದೆ ಹಿಡಿದುಕೊಂಡು ಕೂತವಳಿಗೆ ಸಿಕ್ಕಿದ್ದು ಒಂದು ಶೇಕ್‌ಹ್ಯಾಂಡ್.

ಅಷ್ಟು ಬಚ್ಚಿಟ್ಟರೂ ಉಳಿಯಲಿಲ್ಲ. ಇಬ್ಬರೂ ಡೈನರ್ ಅನ್ನೋ ಒಂದು ಸಣ್ಣ ಹೋಟೆಲಿನಲ್ಲಿ ಕೈ ಹಿಡಿದು ಕೂತದ್ದನ್ನ ಯಾರೋ ಪುಣ್ಯಾತ್ಮ ಕಂಡು ಮೇಲಿನವರ ಕಿವಿ ಕಚ್ಚಿದ. ವಿಚಾರಣೆ ನಡೆಯಿತು. ಗಾರ್ಗಿ ರಕ್ತ ನಿಲ್ಲಿಸಿ ಉಳಿಸಿದ ಹುಡುಗರು ಆ ಹೊತ್ತಿಗೆ ತಮ್ಮ ತಮ್ಮ ಊರುಗಳಲ್ಲಿ ಮಕ್ಕಳನ್ನ ಆಡಿಸುತ್ತಿದ್ದರು. ಉಳಿಸಿದವಳನ್ನ ಸೇನೆಯಿಂದ ತೆಗೆದುಹಾಕಿದರು. ಕೆಲಸದಲ್ಲಿ ತಪ್ಪು ಮಾಡಿದ್ದಳಾ? ಇಲ್ಲ. ಹೆದರಿ ಓಡಿದ್ದಳಾ? ಇಲ್ಲ. ಹಾಗಾದರೆ ಯಾಕೆ ಅಂತ ಅಪ್ಪ ಕೇಳಿದಾಗ ಗಾರ್ಗಿ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಗಿರಿಜಾದೇವಿ ಅತ್ತರು, ಕೂಗಾಡಿದರು, ಮಗಳನ್ನೂ ಬೈದರು, ಸೇನೆಯನ್ನೂ ಬೈದರು. ಜಯರಾಮು ಕೆಲವು ದಿನ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೇ ಕೂತರು. ಆಮೇಲೆ ಒಂದು ಬೆಳಿಗ್ಗೆ ಪೇಪರಿನಿಂದ ತಲೆ ಎತ್ತಿ, "ಆ ಹುಡುಗಿ ಬಸ್ಸಾರು ಮುದ್ದೆ ತಿಂತಾಳಾ?" ಅಂದರು.

"ತಿಂತಾಳೆ ಅಪ್ಪ."

"ಹಾಗಾದ್ರೆ ಭಾನುವಾರ ಕರ್ಕೊಂಡು ಬಾ."

ಅಂದಿನಿಂದ ಮಹಿಮಾ ಆ ಮನೆಯವಳು. ಮುಂದೆ ಆ ಕಾನೂನನ್ನ ತೆಗೆದುಹಾಕಿದರು. ಗಾರ್ಗಿ ಮತ್ತೆ ಸೇರ್ತೀನಿ ಅಂದಾಗ ಗಿರಿಜಾದೇವಿ ಉರಿದುಬಿದ್ದರು. "ಕತ್ತು ಹಿಡಿದು ನೂಕಿದವರ ಬಾಗಿಲಿಗೆ ಮತ್ತೆ ಹೋಗ್ತೀಯಾ? ನಾಚಿಕೆ ಆಗಲ್ವಾ?"

"ನಾನು ಯಾಕಮ್ಮ ನಾಚ್ಕೋಬೇಕು? ತಪ್ಪು ಮಾಡಿದ್ದು ಅವರು. ಇಟ್ಸ್ ಮೈ ಜಾಬ್" ಅಂದವಳು, ಹಿಂದೆ ಇದ್ದದ್ದಕ್ಕಿಂತ ಕೆಳಗಿನ ದರ್ಜೆಗೆ ಸೇರಿ ಮತ್ತೆ ಮೇಲಕ್ಕೆ ಬಂದಳು. ನ್ಯೂಜೆರ್ಸಿಯಲ್ಲಿ ಇಂಥ ಮದುವೆಗೆ ದಾರಿ ಆದಮೇಲೆ ಮನೆಯ ಹಿತ್ತಿಲಲ್ಲೇ, ಎರಡೂ ಮನೆಯವರಷ್ಟೇ ಸೇರಿ, ಇಬ್ಬರಿಗೂ ಮದುವೆಯಾಯಿತು. ಜಯರಾಮು ಮತ್ತು ಬೆಲ್‌ರೋಸಿನ ಬೀಗರು ಸೇರಿ ಟೆಂಟ್ ಕಟ್ಟಿದರು. ಆಮೇಲಿನ ಸಲ ಗಾರ್ಗಿ ಹೊರದೇಶದಿಂದ ವಾಪಸ್ಸು ಬಂದಾಗ ಅಧಿಕಾರಿಯೊಬ್ಬ ಮೈಕಿನಲ್ಲೇ 'ಸಾರ್ಜೆಂಟ್ ಗಾರ್ಗಿ ವೈಫ್ ಎಲ್ಲಿದ್ದಾರೆ, ಮುಂದೆ ಬನ್ನಿ' ಅಂತ ಕರೆದ. ಮಹಿಮಾ ಚಪ್ಪಲಿ ಕಳಚಿಬಿದ್ದದ್ದೂ ಗೊತ್ತಾಗದೆ ಓಡಿದಳು. ಹೀಗೆ ಸೇನೆ ಕಲಿತದ್ದನ್ನ ನಮ್ಮ ಕನ್ನಡ ಬಳಗ ಎಂದೋ ಕಲಿತಿದೆ ಅನ್ನೋ ಭ್ರಮೆಯಲ್ಲೇ ಗಿರಿಜಾದೇವಿ ಇದ್ದದ್ದು.

ಭ್ರಮೆ ಹರಿದದ್ದು ಶಿವಪ್ರಸಾದರ ಮನೆಯ ಬೇಸ್‌ಮೆಂಟಿನಲ್ಲಿ. ಸಮಿತಿಯವರು ಚಕ್ಕುಲಿ ಕಾಫಿ ಇಟ್ಟುಕೊಂಡು ಕಾರ್ಯಕ್ರಮ ಮಾತಾಡುತ್ತಿದ್ದರು. ನಿರೂಪಣೆ ಮಾಡಬೇಕಾಗಿದ್ದ ಅರ್ಪಿತಾ, ಐಟಿ ಕಂಪನಿಯ ಮ್ಯಾನೇಜರು, ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಆಂಟಿ, ನಿಮ್ಮ ಅಣ್ಣನ ಹೆಸರೇನು?" ಅಂದಳು.

"ಯಾವ ಅಣ್ಣ?"

"ಅದೇ, ಮಹಿಮಾ ಅವರ ಫಾದರ್. ಒಂದು ಲೈನ್ ಹಾಕೋಣ ಅಂತ."

"ಮಹಿಮಾ ಅಪ್ಪ ನನಗೆ ಬೀಗರು ಕಣಮ್ಮ. ಅಣ್ಣ ಹೇಗಾಗ್ತಾರೆ? ನನಗೆ ಅಣ್ಣ ತಮ್ಮ ಯಾರೂ ಇಲ್ಲ."

ಚಕ್ಕುಲಿ ಮುರಿಯೋ ಸದ್ದು ನಿಂತಿತು. ಆಗ ಹೊಳೆಯಿತು ಗಿರಿಜಾದೇವಿಗೆ. ನಮ್ಮ ಭಾಷೆಯಲ್ಲಿ ಮಗನ ಹೆಂಡತಿಯೂ ಸೊಸೆ, ಅಣ್ಣನ ಮಗಳೂ ಸೊಸೆ. ಗಂಡನ ತಾಯಿಯೂ ಅತ್ತೆ, ಅಪ್ಪನ ತಂಗಿಯೂ ಅತ್ತೆ. ಈ ಯಮ್ಮನಿಗೆ ಗಂಡುಮಗನಿಲ್ಲ, ಅಂದಮೇಲೆ ಸೊಸೆ ಅಂದರೆ ಅಣ್ಣನ ಮಗಳೇ ಇರಬೇಕು ಅಂತ ಎಲ್ಲರೂ ತಮ್ಮ ಪಾಡಿಗೆ ತಾವು ತೀರ್ಮಾನ ಮಾಡಿಕೊಂಡು, ಒಬ್ಬಟ್ಟು ಬಡಿಸಿದ್ದರು! ಇವರು ಹೇಳಿದ್ದೂ ನಿಜ, ಅವರು ಕೇಳಿಸಿಕೊಂಡದ್ದೂ ಕನ್ನಡವೇ. ಅಷ್ಟು ವರ್ಷ ಮಹಿಮಾಳನ್ನ ಎದುರಿಗೇ ಕೂರಿಸಿಕೊಂಡು ಕಸಿನ್ ಮಾಡಿಟ್ಟಿದ್ದರು. ಗಿರಿಜಾದೇವಿ ಕಾಫಿ ಲೋಟ ಕೆಳಗಿಟ್ಟರು.

"ಅವಳು ಗಾರ್ಗಿ ಹೆಂಡತಿ" ಅಂದರು. "ಮದುವೆಯಾಗಿದೆ. ನಾನೇ ಧಾರೆ ಎರೆಸಿದ್ದೀನಿ."

ಶಿವಪ್ರಸಾದ್ ಗಂಟಲು ಸರಿಮಾಡಿಕೊಂಡರು. ಕೆಟ್ಟ ಮನುಷ್ಯ ಅಂತ ಅಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಅನ್ನ ಸಾರು ತಗೊಂಡು ಹೋಗುವವರು ಇವರೇ. ಆದರೆ ಆ ದಿನ ಆಡಿದ ಮಾತು ಕೇಳಿ. "ನನಗೆ ವೈಯಕ್ತಿಕವಾಗಿ ಏನೂ ಇಲ್ಲ ಗಿರಿಜಮ್ಮ. ಐ ಆ್ಯಮ್ ವೆರಿ ಓಪನ್. ಆದ್ರೆ ವಯಸ್ಸಾದವರು ಬಂದಿರ್ತಾರೆ, ಚಿಕ್ಕಮಕ್ಕಳು ಇರ್ತಾರೆ. ಹೇಗೂ ಒಳ್ಳೇ ಪದ ಸಿಕ್ಕಿದೆಯಲ್ಲ, ಸೊಸೆ ಅಂತಲೇ ಅನೌನ್ಸ್ ಮಾಡೋಣ. ಸುಳ್ಳೂ ಹೇಳಿದ ಹಾಗಾಗಲ್ಲ, ಯಾರಿಗೂ ಮುಜುಗರಾನೂ ಇಲ್ಲ. ನಾವ್ಯಾರೂ ಕೇಳಲ್ಲ, ನೀವೂ ಬಿಡಿಸಿ ಹೇಳಬೇಡಿ."

"ಏನಂದ್ರಿ?" ಗಿರಿಜಾದೇವಿ ಎದ್ದು ನಿಂತರು. "ಇನ್ನೊಂದ್ಸಲ ಹೇಳಿ. ನಾವು ಕೇಳಲ್ಲ, ನೀವು ಹೇಳಬೇಡಿ! ಅದೇ ಮಾತು ಹೇಳಿಯೇ ನನ್ನ ಮಗಳ ಹೊಟ್ಟೆ ಉರಿಸಿದ್ದು. ಸೇನೆಯವರೇ ಅದನ್ನ ಎತ್ತಿ ಕಸಕ್ಕೆ ಹಾಕಿದ್ರು. ನೀವು ಆ ಕಸಾನ ತಂದು ಬೇಸ್‌ಮೆಂಟಲ್ಲಿ ಇಟ್ಕೊಂಡಿದ್ದೀರಲ್ಲ, ನಿಮಗೇನು ಬಂತು? ಹೋದ ವರ್ಷ ಆ ಹಾರ್ಟ್ ಡಾಕ್ಟರಿಗೆ ದಂಪತಿ ಸಮೇತ ಸನ್ಮಾನ ಮಾಡಿದ್ರಿ. ಅವರ ಹೆಂಡತಿ ಯಾರ ಹಾರ್ಟ್ ಆಪರೇಷನ್ ಮಾಡಿದ್ರು? ಆಕೆಗೂ ಅರಿಶಿನ ಕುಂಕುಮ ಕೊಟ್ಟು, ಸೀರೆ ಕೊಟ್ರಿ. ಗಂಡ ದುಡಿದರೆ ಹೆಂಡತಿ ಕಾದಿರ್ತಾಳೆ ಅಂತ ತಾನೆ? ನನ್ನ ಸೊಸೆ ಯುದ್ಧಕ್ಕೆ ಹೋದವಳನ್ನ ಕಾದಿದ್ದಾಳೆ!"

ಅರ್ಪಿತಾ ಲ್ಯಾಪ್‌ಟಾಪಿನಲ್ಲಿ ಏನನ್ನೋ ಅಳಿಸಿದಳು.

"ಎರಡು ಕುರ್ಚಿ ಹಾಕಿ. ಒಂದು ಗಾರ್ಗಿಗೆ, ಒಂದು ಅವಳ ಹೆಂಡತಿಗೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ನಾವು ಬರಲ್ಲ."

ಗಾರ್ಗಿ ಯೂನಿಫಾರ್ಮಿನಲ್ಲಿರೋ ಫೋಟೋ ಹಾಕಿದ ಪೋಸ್ಟರು ಆಗಲೇ ವಾಟ್ಸಾಪ್ ಗುಂಪುಗಳಲ್ಲೆಲ್ಲ ಹರಿದಾಡಿತ್ತು. ಶಿವಪ್ರಸಾದ್ ಕೈ ಮುಗಿದು, "ಆಗಲಿ ಗಿರಿಜಮ್ಮ, ನೋಡೋಣ, ಏನಾದ್ರೂ ವ್ಯವಸ್ಥೆ ಮಾಡೋಣ" ಅಂದರು. ನಮ್ಮವರ 'ನೋಡೋಣ' ಅಂದರೆ ಏನು ಅಂತ ನಂಜನಗೂಡಿನವರಿಗೆ ಗೊತ್ತಿರಬೇಕಿತ್ತು. ಎರಡು ಕುರ್ಚಿ ಅನ್ನೋದಕ್ಕೆ ಆತ 'ಆಗಲಿ' ಅಂದದ್ದೇ ಸಾಕು ಅಂತ ಗಿರಿಜಾದೇವಿ ಹೊರಟು ಬಂದರು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದರು. ಮಹಿಮಾ ಮೊದಲು ನಕ್ಕಳು. ಆಮೇಲೆ ತಾನು ಹೋದ ಒಂದೊಂದು ಹಬ್ಬ ನೆನಪಾದಂತೆ ಅವಳ ನಗು ಇಳಿಯಿತು. "ಅಂದ್ರೆ, ಅವರೆಲ್ಲ ನನಗೆ ಗಂಡು ಹುಡುಕ್ತಿದ್ದದ್ದು ಜೋಕ್ ಆಗಿರ್ಲಿಲ್ವಾ ಅತ್ತೆ?" ಅಂದಳು.

ಗಾರ್ಗಿ ಸಿಟ್ಟಿನಿಂದ, "ಬಿಟ್ಹಾಕಮ್ಮ. ಐ ಡೋಂಟ್ ನೀಡ್ ದೇರ್ ಶಾಲು" ಅಂದಳು.

"ಬಿಡಕ್ಕೆ ನೀನು ಯಾರೇ? ಸುಮ್ಮನೆ ಬಿಟ್ರೆ ನಾಳೆಯಿಂದ ಮತ್ತೆ 'ಅಣ್ಣನ ಮಗಳು' ಅಂತಲೇ ಸಾಯೋವರೆಗೂ ಹೇಳ್ಕೊಂಡು ತಿರುಗ್ತಾರೆ. ನನ್ನ ಬಾಯಿಂದಲೇ ಈ ಸುಳ್ಳು ಹುಟ್ಟಿರೋದು, ಗೊತ್ತಾಯ್ತಾ? ನಾನು ನಿಜ ಹೇಳ್ತಾ ಹೇಳ್ತಾನೇ ಅದು ಹುಟ್ಟಿಕೊಂಡಿದೆ! ಇಬ್ಬರೂ ಸನ್ಮಾನಕ್ಕೆ ಬರಲೇಬೇಕು."

ರಾಜ್ಯೋತ್ಸವ ಎಡಿಸನ್ನಿನ ಒಂದು ಸಭಾಂಗಣದಲ್ಲಿ. ಮಕ್ಕಳ ಕೋಲಾಟ ಮುಗಿದು, ಕರೋಕೆ ಮುಗಿದು, ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತಿನ ವಾಸನೆ ಬರೋಕೆ ಶುರುವಾಗಿತ್ತು. ವೇದಿಕೆ ಮೇಲೆ ಎರಡು ಕಬ್ಬಿಣದ ಮಡಚುವ ಕುರ್ಚಿ ತಂದಿಟ್ಟರು. ಎರಡು ಕುರ್ಚಿ ಕಂಡು ಮುಂದಿನ ಸಾಲಿನಲ್ಲಿದ್ದ ಗಿರಿಜಾದೇವಿಗೆ ಸಮಾಧಾನವಾಯಿತು. ಅರ್ಪಿತಾ ಮೈಕ್ ಹಿಡಿದಳು.

"ನಮ್ಮ ಹೆಮ್ಮೆಯ ಸಾರ್ಜೆಂಟ್ ಗಾರ್ಗಿ ಮತ್ತು ಅವರನ್ನು ಹೆತ್ತ ವೀರಮಾತೆ ಶ್ರೀಮತಿ ಗಿರಿಜಾದೇವಿ ವೇದಿಕೆಗೆ ಬರಬೇಕು. ಅವರ ಸೊಸೆ ಮಹಿಮಾ ಕೂಡ ಪ್ರೇಕ್ಷಕರಲ್ಲಿದ್ದಾರೆ. ಎಲ್ಲರಿಗೂ ಜೋರಾದ ಚಪ್ಪಾಳೆ!"

ಎಂಥ ಜಾಣರು! ತಾಯಿ ಬೇಡ ಅಂತ ಯಾರು ಹೇಳ್ತಾರೆ? ವೀರಮಾತೆ ಅಂತ ಬಿರುದು ಬೇರೆ. ಚಪ್ಪಾಳೆಯೂ ಬಿತ್ತು. ಮಹಿಮಾ ಮಡಿಲಲ್ಲಿ ಕೈ ಇಟ್ಟುಕೊಂಡು, ಸುತ್ತ ತಿರುಗಿದ ಮುಖಗಳಿಗೆ ನಗುಮುಖ ತೋರಿಸಿ ಕೂತಳು. ಆ ನಗು ಗಿರಿಜಾದೇವಿ ಹಿಂದೆಯೂ ಕಂಡದ್ದೇ, ಗಾರ್ಗಿ ಇರಾಕಿನಿಂದ ಬಂದ ದಿನ ಗೋಡೆ ಪಕ್ಕದಲ್ಲಿ. ಮೆಟ್ಟಿಲ ಹತ್ತಿರ ಗಾರ್ಗಿ ನಿಂತುಬಿಟ್ಟಳು. "ಅಮ್ಮ, ಲೆಟ್ಸ್ ಗೋ ಹೋಮ್."

"ಹತ್ತು ಮೇಲೆ" ಅಂದರು ಗಿರಿಜಾದೇವಿ.

ಮೇಲೆ ಹೋದವರು ಕೂರಲಿಲ್ಲ. ಅರ್ಪಿತಾಳ ಕೈಯಿಂದ ಮೈಕ್ ಇಸಕೊಂಡರು. ಅವಳು ಎರಡು ಮಾತು ಆಡ್ತಾರೇನೋ ಅಂತ ನಗುತ್ತಲೇ ಕೊಟ್ಟಳು.

"ಎಲ್ಲರಿಗೂ ನಮಸ್ಕಾರ. ಈ ಎರಡನೇ ಕುರ್ಚಿ ನನ್ನದಲ್ಲ. ಅಲ್ಲಿ ಕೂತಿದ್ದಾಳಲ್ಲ ಮಹಿಮಾ, ಅವಳದ್ದು. ಅವಳನ್ನ ಇಷ್ಟು ವರ್ಷ ನಿಮಗೆಲ್ಲ ಸೊಸೆ ಅಂತ ಹೇಳಿದ್ದೀನಿ. ನೀವು ನನ್ನ ಅಣ್ಣನ ಮಗಳು ಅಂದ್ಕೊಂಡ್ರಿ. ನನಗೆ ಅಣ್ಣನೇ ಇಲ್ಲ ಕಣ್ರಪ್ಪ. ಅವಳು ನನ್ನ ಮಗಳ ಹೆಂಡತಿ. ಹೆಂಡತಿ! ಈಗ ಯಾರಿಗೂ ಅನುಮಾನ ಇಲ್ಲ ತಾನೆ? ಈ ಒಂದು ಮಾತು ಹೇಳಿದ್ದಕ್ಕೆ ಈ ದೇಶದ ಸೇನೆಯಿಂದ ಸಾವಿರಾರು ಮಕ್ಕಳನ್ನ ಆಚೆ ಹಾಕಿದ್ರು, ನನ್ನ ಮಗಳನ್ನೂ ಹಾಕಿದ್ರು. ಅವಳು ಮತ್ತೆ ಹೋಗಿ, ತಲೆ ಎತ್ತಿ, ಹೆಂಡತಿ ಹೆಸರು ಹೇಳ್ಕೊಂಡೇ ಕೆಲಸ ಮಾಡಿದಾಳೆ. ಅವಳ ಯೂನಿಫಾರ್ಮ್ ಬೇಕು, ಫೋಟೋ ಬೇಕು, ಹೆಂಡತಿ ಮಾತ್ರ ಬೇಡ ಅಂದ್ರೆ ನಿಮ್ಮ ಸನ್ಮಾನಾನ ನೀವೇ ಇಟ್ಕೊಳ್ಳಿ. ಮಹಿಮಾ, ಬಾ ಇಲ್ಲಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನಿಂದ ಕಾಲೇಜು ಹುಡುಗರ ಗುಂಪೊಂದು ಶಿಳ್ಳೆ ಹಾಕಿ ಚಪ್ಪಾಳೆ ತಟ್ಟಿತು. ಒಂದಿಬ್ಬರು ಹಿರಿಯರು ಎದ್ದು ಊಟದ ಬಾಗಿಲ ಕಡೆ ಹೊರಟರು. ಮಹಿಮಾ ಎದ್ದಳು. ಗಾರ್ಗಿ ಮೆಟ್ಟಿಲಿಳಿದು ಹೋಗಿ, ಎಲ್ಲರ ಕಣ್ಣೆದುರು, ಅವಳ ಕೈ ಹಿಡಿದು ಕರೆತಂದಳು.

ಶಿವಪ್ರಸಾದ್ ಬೆವರು ಒರೆಸಿಕೊಂಡು ಬಂದು ಗಾರ್ಗಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಲ್ಲಿಗೆ ನಿಂತಿತು. ಹೆಂಡತಿಗೆ ಅರಿಶಿನ ಕುಂಕುಮ ಕೊಡಬೇಕಾದ್ದು ಅರ್ಪಿತಾ. ಪ್ರತಿ ಸನ್ಮಾನಕ್ಕೂ ತರುವ ಬೆಳ್ಳಿ ತಟ್ಟೆ ಅವಳ ಕೈಯಲ್ಲೇ ಇತ್ತು. ಅವಳು ಮಹಿಮಾಳನ್ನ ನೋಡಿದಳು, ಮುಂದಿನ ಸಾಲಿನಲ್ಲಿ ತುಟಿ ಬಿಗಿದು ಕೂತ ತನ್ನ ಅತ್ತೆಯನ್ನ ನೋಡಿದಳು, ಶಿವಪ್ರಸಾದರನ್ನ ನೋಡಿದಳು. ಆತ ಮೈಕ್ ಸ್ಟ್ಯಾಂಡ್ ಸರಿಮಾಡೋದರಲ್ಲಿ ಮುಳುಗಿಹೋಗಿದ್ದರು. ಅರ್ಪಿತಾ ತಟ್ಟೆಯನ್ನ ಮೇಜಿನ ಮೇಲಿಟ್ಟು ಹಿಂದೆ ಸರಿದಳು. ನೂರಾರು ಜನರ ಮುಂದೆ ಮಹಿಮಾ ಬರಿಗೈಯಲ್ಲಿ ನಿಂತಳು.

"ಆ ತಟ್ಟೆ ತಾ ಇಲ್ಲಿ" ಅಂದರು ಗಿರಿಜಾದೇವಿ.

"ನೀವಾ ಆಂಟಿ? ಕುಂಕುಮ... ನೀವು..." ಅಂದಳು ಅರ್ಪಿತಾ.

"ನಾನು ಏನು? ಗಂಡ ಸತ್ತವಳು. ಅದನ್ನೂ ಬಾಯಿಬಿಟ್ಟು ಹೇಳಕ್ಕೆ ಆಗಲ್ವಾ ನಿಮಗೆ?"

ತಟ್ಟೆಯನ್ನ ತಾವೇ ಎತ್ತಿಕೊಂಡರು. ಜಯರಾಮು ಹೋದಮೇಲೆ ಗಿರಿಜಾದೇವಿಯನ್ನ ಯಾರೂ ಆ ತಟ್ಟೆ ಮುಟ್ಟಲು ಕರೆದಿರಲಿಲ್ಲ. ಅವರೂ ತಾವಾಗಿ ಮುಟ್ಟಿರಲಿಲ್ಲ. ಮಹಿಮಾಳ ಕೆನ್ನೆಗೆ ಅರಿಶಿನ ಹಚ್ಚಿದರು. ಹಣೆಗೆ ಕುಂಕುಮ ಇಡುವಾಗ ಒಂದಿಷ್ಟು ಮೂಗಿನ ಮೇಲೂ ಉದುರಿತು. ಮಹಿಮಾಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಬಗ್ಗಿ ಅತ್ತೆಯ ಕಾಲು ಮುಟ್ಟಲು ಹೋದಳು. ಗಿರಿಜಾದೇವಿ ಅವಳ ರಟ್ಟೆ ಹಿಡಿದು ಎತ್ತಿದರು.

"ಕಾಲಿಗೆ ಮನೇಲಿ ಬೀಳುವಿಯಂತೆ. ಮೊದಲು ಕುರ್ಚೀಲಿ ಕೂತ್ಕೋ. ಖಾಲಿ ಬಿಟ್ಟರೆ ಇವರು ಮಡಚಿ ಒಳಗಿಟ್ಟುಬಿಡ್ತಾರೆ."